ಬಡವರ ಅಂಗಡಿ ಕೆಡವಿ ಕಟ್ಟುವ ಮಾಲ್

(ಜುಮಾ ಖುತ್ಬಾದ ಸಾರ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಶಾಂತಿ, ಅನುಗ್ರಹಗಳಿರಲಿ. ಮಾನ್ಯ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಸೂರಃ ಅಲ್‌ಬಕರದ 188ನೇ ಆಯತ್‌ನಲ್ಲಿ ಅಲ್ಲಾಹನು ನಮ್ಮನ್ನು ಎರಡು ವಿಷಯಗಳಿಂದ ತಡೆದಿದ್ದಾನೆ. ಒಂದು, ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನುವುದು. ಎರಡು, ಜನರ ಸೊತ್ತಿನ ಒಂದು ಪಾಲನ್ನು ಗೊತ್ತಿದ್ದೂ ಕಬಳಿಸಲಿಕ್ಕಾಗಿ ಅದನ್ನು ಅಧಿಕಾರದಲ್ಲಿರುವವರ ಮುಂದೆ ಒಯ್ಯುವುದು. ಮೊದಲನೆಯದು ಪಾಪ ಎಂದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಎರಡನೆಯದು ಹಾಗಲ್ಲ. ಅದು ಹಾಡಹಗಲೇ ನಡೆಯುತ್ತದೆ. ಅಲ್ಲಿ ಅರ್ಜಿ ಇರುತ್ತದೆ, ಠರಾವು ಇರುತ್ತದೆ, ಸಹಿ, ಮೊಹರು ಎಲ್ಲ ಇರುತ್ತವೆ. ಆದ್ದರಿಂದ ಮಾಡುವವನಿಗೂ ನೋಡುವವನಿಗೂ ಅದು ಪಾಪ ಎಂದು ಅನಿಸುವುದೇ ಇಲ್ಲ.

ಈ ವಿಷಯವನ್ನು ಪ್ರವಾದಿ(ಸ)ರು ತುಂಬಾ ಬಿಡಿಸಿ ಹೇಳಿದ್ದಾರೆ. ಉಮ್ಮು ಸಲಮಾ(ರ) ಉಲ್ಲೇಖಿಸಿದ, ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸಿನ ಸಾರ ಹೀಗಿದೆ: ನಾನೂ ಒಬ್ಬ ಮನುಷ್ಯ. ವ್ಯಾಜ್ಯ ತರುವವರಲ್ಲಿ ಒಬ್ಬನು ಮಾತಿನಲ್ಲಿ ಇನ್ನೊಬ್ಬನಿಗಿಂತ ಚತುರನಾಗಿರಬಹುದು. ನಾನು ಕೇಳಿದ್ದರ ಆಧಾರದಲ್ಲಿ ತೀರ್ಪು ಕೊಡುತ್ತೇನೆ. ಹಾಗೆ ಅವನ ಸಹೋದರನ ಹಕ್ಕು ಅವನ ಪಾಲಿಗೆ ಹೋದರೆ, ಅವನಿಗೆ ಸಿಕ್ಕಿದ್ದು ಬೆಂಕಿಯ ಒಂದು ತುಂಡು. ಯೋಚಿಸಿ ಸಹೋದರರೇ. ಸ್ವತಃ ಅಲ್ಲಾಹನ ರಸೂಲರ ತೀರ್ಪಿನಿಂದಲೂ ಹರಾಮ್ ಹಲಾಲ್ ಆಗುವುದಿಲ್ಲವಾದರೆ, ಒಂದು ಕಚೇರಿಯ ಆದೇಶದಿಂದ ಆಗಲು ಸಾಧ್ಯವೇ?

ಇವತ್ತು ಈ ಆಯತನ್ನು ಆರಿಸಿದ್ದಕ್ಕೆ ಕಾರಣ ನಿಮಗೆ ಗೊತ್ತಿದೆ. ನಮ್ಮ ಊರಿನ ಹಳೆ ಮಾರ್ಕೆಟ್‌ನ ಜಾಗವನ್ನು ಅದರ ಹಿಂದಿನ ಗಲ್ಲಿಯ ಮನೆಗಳ ಸಮೇತ ಒಂದು ದೊಡ್ಡ ಮಾಲ್‌ಗಾಗಿ ಖಾಸಗಿಯವರಿಗೆ ಕೊಡುವ ಪ್ರಸ್ತಾಪ ಬಂದಿದೆ. ಜಾಗ ದೀರ್ಘಾವಧಿ ಗುತ್ತಿಗೆಗೆ, ಆಸ್ತಿ ತೆರಿಗೆಯಲ್ಲಿ ಕೆಲವು ವರ್ಷ ರಿಯಾಯಿತಿ, ರಸ್ತೆ ಮತ್ತು ಚರಂಡಿ ಸಾರ್ವಜನಿಕ ಹಣದಲ್ಲಿ ಎಂದು ಹೇಳಲಾಗುತ್ತಿದೆ. ಮಾರ್ಕೆಟ್‌ನಲ್ಲಿ ತಂದೆಯ ಕಾಲದಿಂದ ಕುಳಿತಿರುವ ಮೀನಿನವರು, ತರಕಾರಿಯ ಅಜ್ಜಿಯಂದಿರು, ಹೂ ಕಟ್ಟುವವರು, ಚಪ್ಪಲಿ ರಿಪೇರಿಯವರು, ಟೈಲರ್‌ಗಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಸರಿಯಾದ ಉತ್ತರ ಇಲ್ಲ. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಇದು ಒಂದು ಸಮುದಾಯದ ವಿಷಯವಲ್ಲ, ನ್ಯಾಯದ ವಿಷಯ. ಮಿಂಬರ್ ಮೇಲೆ ನಿಂತು ಇದನ್ನು ಹೇಳುತ್ತಿರುವುದು ಅದಕ್ಕೇ.

ಸಹೋದರರೇ, ಪ್ರವಾದಿ(ಸ)ರು ಹಿಜ್‌ರತ್ ಮಾಡಿ ಮದೀನಾ ತಲುಪಿದಾಗ ಅವರ ಒಂಟೆ ಒಂದು ಜಾಗದಲ್ಲಿ ಕುಳಿತಿತು. ಅದು ಖರ್ಜೂರ ಒಣಗಿಸುವ ಕಣ. ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರಿಗೆ ಸೇರಿದ್ದು. ಮಸೀದಿ ಕಟ್ಟಲು ಜಾಗ ಬೇಕೆಂದು ಪ್ರವಾದಿ(ಸ)ರು ಕೇಳಿದರು. ಬೆಲೆ ಬೇಡ, ಉಚಿತವಾಗಿ ತೆಗೆದುಕೊಳ್ಳಿ ಎಂದು ಆ ಮಕ್ಕಳು ಹೇಳಿದರು. ಪ್ರವಾದಿ(ಸ)ರು ಒಪ್ಪಲಿಲ್ಲ. ಬೆಲೆ ಕೊಟ್ಟೇ ಕೊಂಡುಕೊಂಡರು. ಇದು ಸಹೀಹ್ ಬುಖಾರಿಯಲ್ಲಿದೆ. ಬೇಕಾಗಿದ್ದದ್ದು ಅಂಗಡಿಗಲ್ಲ, ಅಲ್ಲಾಹನ ಭವನಕ್ಕೆ. ಕೇಳಿದವರು ಅಲ್ಲಾಹನ ರಸೂಲರು. ಕೊಡುವವರಿಗೆ ಮನಸ್ಸೂ ಇತ್ತು. ಆದರೂ ಅನಾಥರ ಜಾಗ ಪುಕ್ಕಟೆ ಬರಲಿಲ್ಲ. ಮಸ್ಜಿದುನ್ನಬವಿಯ ಅಡಿಪಾಯದಲ್ಲೇ ಈ ಪಾಠ ಇದೆ.

ಉಮರ್(ರ)ರ ಕಾಲದಲ್ಲಿ ಅದೇ ಮಸೀದಿ ಇಕ್ಕಟ್ಟಾಯಿತು. ಪಕ್ಕದಲ್ಲಿ ಪ್ರವಾದಿ(ಸ)ರ ಚಿಕ್ಕಪ್ಪ ಅಬ್ಬಾಸ್(ರ)ರ ಮನೆ ಇತ್ತು. ಇತಿಹಾಸ ಗ್ರಂಥಗಳು ಹೇಳುವಂತೆ, ಖಲೀಫರು ಅವರ ಮುಂದೆ ಮೂರು ದಾರಿ ಇಟ್ಟರು: ಬೇಕಾದ ಬೆಲೆಗೆ ಮಾರಿ, ಬೇರೆ ಕಡೆ ಜಾಗ ಕೊಡುತ್ತೇನೆ ತೆಗೆದುಕೊಳ್ಳಿ, ಇಲ್ಲವೇ ಮುಸ್ಲಿಮರಿಗೆ ದಾನ ಮಾಡಿ. ಅಬ್ಬಾಸ್(ರ) ಮೂರಕ್ಕೂ ಒಪ್ಪಲಿಲ್ಲ. ಆಗ ಖಲೀಫರು ಪೊಲೀಸರನ್ನು ಕಳುಹಿಸಲಿಲ್ಲ. ಇಬ್ಬರೂ ಸೇರಿ ಉಬಯ್ಯ್ ಬಿನ್ ಕಅಬ್(ರ)ರ ಬಳಿಗೆ ತೀರ್ಪಿಗೆ ಹೋದರು. ತೀರ್ಪು ಖಲೀಫರ ವಿರುದ್ಧ ಬಂತು. ಉಮರ್(ರ) ತಲೆಬಾಗಿದರು. ಬಲವಂತ ಇಲ್ಲ ಎಂದು ಖಚಿತವಾದ ಮೇಲೆ ಅಬ್ಬಾಸ್(ರ) ತಾವಾಗಿಯೇ ಆ ಮನೆಯನ್ನು ಮಸೀದಿಗೆ ಬಿಟ್ಟುಕೊಟ್ಟರು.

ಇಲ್ಲಿ ಒಬ್ಬರು ಕೇಳಬಹುದು: ಮೌಲಾನಾ, ಹಾಗಾದರೆ ಸರಕಾರ ಯಾವತ್ತೂ ಯಾರ ಜಾಗವನ್ನೂ ತೆಗೆದುಕೊಳ್ಳಲೇಬಾರದೇ? ರಸ್ತೆ, ಸೇತುವೆ ಹೇಗೆ ಆಗುತ್ತವೆ? ಪ್ರಶ್ನೆ ಸರಿಯಾಗಿದೆ. ಶರೀಅತ್ ಆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಮಕ್ಕಾದ ಹರಮ್ ವಿಸ್ತರಣೆಗೆ ಅದೇ ಉಮರ್(ರ)ರು ಸುತ್ತಲಿನ ಮನೆಗಳನ್ನು ಕೊಂಡು ಕೆಡವಿಸಿದ್ದರು, ಒಪ್ಪದವರ ಬೆಲೆಯನ್ನು ಅವರಿಗಾಗಿ ತೆಗೆದಿಟ್ಟಿದ್ದರು ಎಂಬ ವರದಿಯೂ ಇದೆ. ನಿಜವಾದ ಸಾರ್ವಜನಿಕ ಅಗತ್ಯ ಬಂದಾಗ ಷರತ್ತುಗಳೊಂದಿಗೆ ಅವಕಾಶ ಇದೆ. ಆ ಷರತ್ತುಗಳೇನು?

1988ರ ಫೆಬ್ರವರಿಯಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಇದೇ ವಿಷಯದಲ್ಲಿ ನಿರ್ಣಯ ಮಾಡಿದ್ದಾರೆ. ಅವರು ನಾಲ್ಕು ಷರತ್ತು ಹಾಕಿದರು. ಮೊದಲನೆಯದು, ತಕ್ಷಣ ಕೊಡುವ ನ್ಯಾಯವಾದ ಪರಿಹಾರ. ಅದನ್ನು ಬಲ್ಲವರು ನಿಗದಿಪಡಿಸಬೇಕು, ಅಂಥದ್ದೇ ಜಾಗದ ಬೆಲೆಗಿಂತ ಕಡಿಮೆ ಇರಬಾರದು. ಎರಡನೆಯದು, ತೆಗೆದುಕೊಳ್ಳುವವರು ಆಡಳಿತದ ಹೊಣೆ ಹೊತ್ತವರೇ ಆಗಿರಬೇಕು. ಮೂರನೆಯದು, ಮಸೀದಿ, ರಸ್ತೆ, ಸೇತುವೆಯಂತಹ ಸಾರ್ವಜನಿಕ ಅಗತ್ಯ ಇರಬೇಕು. ನಾಲ್ಕನೆಯದನ್ನು ಗಮನವಿಟ್ಟು ಕೇಳಿ. ಹಾಗೆ ತೆಗೆದುಕೊಂಡ ಜಾಗ ಕೊನೆಗೆ ಲಾಭಕ್ಕಾಗಿ ಹಣ ಹೂಡುವ ಕೆಲಸಕ್ಕೆ ಹೋಗಬಾರದು. ಆ ಹೂಡಿಕೆ ಸರಕಾರದ್ದಾದರೂ ಸರಿ, ಖಾಸಗಿಯವರದ್ದಾದರೂ ಸರಿ. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಅದು ಗಸ್ಬ್, ಅಂದರೆ ದೋಚುವಿಕೆ. ಹೇಳಿದ ಉದ್ದೇಶಕ್ಕೆ ಜಾಗ ಬಳಕೆಯಾಗದಿದ್ದರೆ ಅದನ್ನು ಮರಳಿ ಪಡೆಯುವ ಮೊದಲ ಹಕ್ಕು ಹಳೆಯ ಒಡೆಯನದ್ದು ಎಂದೂ ಆ ವಿದ್ವಾಂಸರು ಸೇರಿಸಿದ್ದಾರೆ.

ಈಗ ನೀವೇ ತೂಗಿ ನೋಡಿ. ಆಸ್ಪತ್ರೆಗೆ ಹೋಗುವ ರಸ್ತೆಗಾಗಿ ಒಂದು ಗೋಡೆ ಹಿಂದೆ ಸರಿಯುವುದು ಬೇರೆ. ಒಬ್ಬನ ಅಂಗಡಿ ಕೆಡವಿ ಅದೇ ಜಾಗದಲ್ಲಿ ಇನ್ನೊಬ್ಬನ ಅಂಗಡಿ ಕಟ್ಟುವುದು ಬೇರೆ. ಮಾಲ್ ಎಂದರೆ ಅಂಗಡಿಯೇ ಅಲ್ಲವೇ? ದೊಡ್ಡದು, ಎಸಿ ಇರುವಂಥದ್ದು, ಅಷ್ಟೇ.

ಮಾಲ್ ಬಂದರೆ ತೆರಿಗೆ ಹೆಚ್ಚು ಬರುತ್ತದೆ, ಊರು ಉದ್ಧಾರವಾಗುತ್ತದೆ ಎನ್ನುತ್ತಾರೆ. ತೆರಿಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಮಾರುಕಟ್ಟೆ ಬೆಲೆಗಿಂತ ಅಗ್ಗದಲ್ಲಿ ಸಾರ್ವಜನಿಕ ಜಾಗ ಕೊಟ್ಟರೆ ಅದು ನಮ್ಮೆಲ್ಲರ ಹಣ. ವಸೂಲು ಮಾಡಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟರೆ ಅದೂ ನಮ್ಮ ಹಣವೇ. ಅಮೆರಿಕದ ಅನೇಕ ಊರುಗಳಲ್ಲಿ, ಹೊಸ ಕಟ್ಟಡದಿಂದ ಮುಂದೆ ಬರಲಿರುವ ಹೆಚ್ಚುವರಿ ತೆರಿಗೆಯನ್ನು ಅದೇ ಕಟ್ಟಡದ ಯೋಜನೆಯ ಖರ್ಚಿಗೆ ಮೀಸಲಿಡುವ ಪದ್ಧತಿ ಇದೆ. ಹೆಸರು ಏನೇ ಇರಲಿ, ಲೆಕ್ಕ ಒಂದೇ. ಮೀನು ಮಾರುವ ತಾಯಿ ಮನೆಗೆ ಒಯ್ಯುವ ಸೋಪಿನ ಮೇಲೂ ಜಿಎಸ್‌ಟಿ ಕಟ್ಟುತ್ತಾರೆ. ಅವರನ್ನು ಎಬ್ಬಿಸುವ ಯೋಜನೆಗೆ ಅವರ ಕೈಯಿಂದಲೇ ಚಂದಾ ಎತ್ತಿದ ಹಾಗೆ ಆಯಿತು! ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎಂಬುದು ಸೂರಃ ಅಲ್‌ಹಶ್ರ್‌ನ 7ನೇ ಆಯತ್ ಕಲಿಸುವ ಪಾಠ. ಇಲ್ಲಿ ಬಡವರ ಜೇಬಿನಿಂದ ತೆಗೆದು ಶ್ರೀಮಂತರ ಸುತ್ತಿಗೆ ಸೇರಿಸುವ ಕೆಲಸ ನಡೆಯುತ್ತದೆ.

ಉದ್ಧಾರದ ಮಾತನ್ನೂ ನೋಡೋಣ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗಾಗಿ ಪಾಲಿಕೆ ಕಟ್ಟಿದ್ದ ವಸತಿ ಸಮುಚ್ಚಯ ಇತ್ತು. ಕಟ್ಟಡಗಳು ಶಿಥಿಲವಾದವು, ಕೆಲವು ಕುಸಿದವು. ಜನ ಅಲ್ಲೇ ತಗಡಿನ ಶೆಡ್‌ಗಳಲ್ಲಿ ಉಳಿದರು. ಸುಮಾರು 15 ಎಕರೆಯ ಆ ಜಾಗಕ್ಕೆ ಸರಕಾರಿ-ಖಾಸಗಿ ಸಹಭಾಗಿತ್ವದ ಯೋಜನೆ ಬಂತು. ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಖಾಸಗಿಯವರ ವಾಣಿಜ್ಯ ಸಂಕೀರ್ಣ. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಕೆಲವೇ ದಿನಗಳಲ್ಲಿ ಶೆಡ್‌ಗಳನ್ನೆಲ್ಲ ನೆಲಸಮ ಮಾಡಿದರು. ಸಾವಿರಾರು ಜನ ಚಳಿಯಲ್ಲಿ ಬೀದಿಗೆ ಬಿದ್ದರು. ದಲಿತರು, ಮುಸ್ಲಿಮರು, ಕ್ರೈಸ್ತರು; ಮನೆಗೆಲಸದ ಹೆಂಗಸರು, ಕೂಲಿಯವರು. ಎಷ್ಟೋ ಕುಟುಂಬಗಳು ಅದೇ ಜಾಗದ ಬೇಲಿಯ ಹೊರಗೆ, ರಸ್ತೆಯ ಬದಿಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಕಾದವು. ವರ್ಷಗಳ ಮೇಲೆ ವರ್ಷ ಕಳೆದರೂ ಆ ಮನೆಗಳು ಏಳಲಿಲ್ಲ. ಕೆಡಹುವ ಕೆಲಸ ಕೆಲವು ದಿನಗಳಲ್ಲಿ ಮುಗಿಯಿತು, ಕಟ್ಟುವ ಕೆಲಸಕ್ಕೆ ಒಂದು ದಶಕವೂ ಸಾಲಲಿಲ್ಲ.

ಅಮೆರಿಕದಲ್ಲೂ ಹೀಗೆ ಆಗಿದೆ. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ನಗರ, ತೆರಿಗೆ ಆದಾಯ ಮತ್ತು ಉದ್ಯೋಗ ಹೆಚ್ಚುತ್ತದೆ ಎಂದು ಒಂದು ಮೊಹಲ್ಲಾದ ಮನೆಗಳನ್ನು ವಶಪಡಿಸಿಕೊಳ್ಳಲು ಹೊರಟಿತು. ಪಕ್ಕದಲ್ಲಿ ಒಂದು ದೊಡ್ಡ ಔಷಧ ಕಂಪೆನಿಯ ಸಂಶೋಧನಾ ಕೇಂದ್ರ ಇತ್ತು. ಅದರ ಸುತ್ತ ಹೋಟೆಲ್, ಅಂಗಡಿ, ಕಚೇರಿಗಳ ಯೋಜನೆ. ಮನೆ ಬಿಡಲು ಒಪ್ಪದವರಲ್ಲಿ 1918ರಲ್ಲಿ ಅದೇ ಮನೆಯಲ್ಲಿ ಹುಟ್ಟಿ, ಅಲ್ಲೇ ಮುಪ್ಪಾದ ಒಬ್ಬ ಅಜ್ಜಿಯೂ ಇದ್ದರು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಾಲ್ವರ ವಿರುದ್ಧ ಐವರು ನ್ಯಾಯಮೂರ್ತಿಗಳ ಬಹುಮತದಿಂದ ನಗರದ ಪರ ತೀರ್ಪು ಕೊಟ್ಟಿತು. 2009ರಲ್ಲಿ ಆ ಔಷಧ ಕಂಪೆನಿಯೇ ಊರು ಬಿಡುವುದಾಗಿ ಪ್ರಕಟಿಸಿತು. ಮನೆಗಳಿದ್ದ ಜಾಗ ಎಷ್ಟೋ ವರ್ಷ ಕಳೆ ಬೆಳೆದು ಖಾಲಿ ಬಿದ್ದಿತು. ಜನರ ಕೋಪ ಎಷ್ಟಿತ್ತೆಂದರೆ ಆ ದೇಶದ 40ಕ್ಕೂ ಹೆಚ್ಚು ರಾಜ್ಯಗಳು ಬಳಿಕ ತಮ್ಮ ಕಾನೂನು ಬದಲಾಯಿಸಿದವು. 2006ರಲ್ಲಿ ಓಹಿಯೋ ರಾಜ್ಯದ ಸುಪ್ರೀಂ ಕೋರ್ಟ್, ಆರ್ಥಿಕ ಲಾಭ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಒಬ್ಬನ ಮನೆ ಕಿತ್ತು ಇನ್ನೊಬ್ಬನಿಗೆ ಕೊಡುವಂತಿಲ್ಲ ಎಂದು ಒಮ್ಮತದಿಂದ ಹೇಳಿತು. ಆ ಜಾಗ ಬೇಕಾಗಿದ್ದದ್ದೂ ಅಂಗಡಿ, ಕಚೇರಿಗಳ ಸಂಕೀರ್ಣಕ್ಕೇ.

ಸಹೋದರರೇ, ಹಳೆ ಮಾರ್ಕೆಟ್ ಬರೇ ವ್ಯಾಪಾರದ ಜಾಗ ಅಲ್ಲ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಮದೀನಾಕ್ಕೆ ಬಂದರು. ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತನ್ನ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ದುಆ ಮಾಡಿ, ಅದನ್ನು ತೆಗೆದುಕೊಳ್ಳದೆ, ಮಾರುಕಟ್ಟೆ ಎಲ್ಲಿದೆ ಎಂದು ಕೇಳಿದರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಶುರು ಮಾಡಿದರು. ಮುಂದೆ ಮದೀನಾದ ದೊಡ್ಡ ದಾನಿಗಳಲ್ಲಿ ಒಬ್ಬರಾದರು. ಇದರಿಂದ ನಮಗೆ ಸಿಗುವ ಪಾಠ, ಸ್ವಾಭಿಮಾನ ಎಂದು ನಾವು ಯಾವಾಗಲೂ ಹೇಳುತ್ತೇವೆ. ಅದು ನಿಜ. ಇನ್ನೊಂದು ಪಾಠವೂ ಇದೆ. ಬರಿಗೈಯವನು ಹೋಗಿ ನಿಂತು ವ್ಯಾಪಾರ ಶುರು ಮಾಡಬಹುದಾದ ಒಂದು ಮಾರುಕಟ್ಟೆ ಆ ಊರಿನಲ್ಲಿ ಇತ್ತು. ಮದೀನಾದ ಮಾರುಕಟ್ಟೆಯನ್ನು ಇಕ್ಕಟ್ಟು ಮಾಡಬಾರದು, ಅಲ್ಲಿ ಸುಂಕ ಹೇರಬಾರದು ಎಂದು ಪ್ರವಾದಿ(ಸ)ರು ಹೇಳಿದ ಒಂದು ವರದಿ ಇಬ್ನು ಮಾಜಾದಲ್ಲಿದೆ. ಅದರ ಸನದು ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ಆದರೆ ಅಬ್ದುರ್ರಹ್ಮಾನ್(ರ)ರ ಘಟನೆ ಬುಖಾರಿಯಲ್ಲೇ ಇದೆ, ನಮಗೆ ಅದು ಸಾಕು.

ಗಂಡ ತೀರಿಹೋದ ಒಬ್ಬ ಹೆಣ್ಣುಮಗಳು ನಾಳೆ ಬೆಳಿಗ್ಗೆ ಎರಡು ಬುಟ್ಟಿ ಸೊಪ್ಪು ಇಟ್ಟುಕೊಂಡು ನಮ್ಮ ಮಾರ್ಕೆಟ್‌ನಲ್ಲಿ ಕುಳಿತುಕೊಳ್ಳಬಹುದು. ಮಾಲ್‌ನಲ್ಲಿ ಕೂರಬಹುದೇ? ಅಲ್ಲಿ ಅಡ್ವಾನ್ಸ್, ಬಾಡಿಗೆ, ನಿರ್ವಹಣೆ ಶುಲ್ಕ. ಹಳೆ ವ್ಯಾಪಾರಿಗಳಿಗೂ ಮಳಿಗೆ ಕೊಡುತ್ತೇವೆ ಎಂದು ಹೇಳಬಹುದು. ಯಾವ ಅಂತಸ್ತಿನಲ್ಲಿ, ಎಷ್ಟು ಬಾಡಿಗೆಗೆ, ಕಟ್ಟುವವರೆಗೆ ಎಲ್ಲಿ, ಯಾರು ಬರವಣಿಗೆಯಲ್ಲಿ ಹೊಣೆ ಎಂದು ಕೇಳಿ ನೋಡಿ. ಮೂರನೇ ಅಂತಸ್ತಿಗೆ ಮೀನು ಕೊಳ್ಳಲು ಯಾರು ಹತ್ತುತ್ತಾರೆ?

ಇನ್ನು, ನಮ್ಮವರಿಗೇ ಹೇಳಬೇಕಾದ ಒಂದು ಕಹಿ ಮಾತಿದೆ. ಮಾರ್ಕೆಟ್ ರಸ್ತೆಯಲ್ಲಿ ಕಟ್ಟಡ ಇರುವವರು ಈ ಸಫ್‌ಗಳಲ್ಲೂ ಇದ್ದೀರಿ. ನಿಮಗೆ ಒಳ್ಳೆಯ ಬೆಲೆಯ ಆಸೆ ತೋರಿಸಲಾಗಿದೆ. ನಿಮ್ಮ ಸ್ವಂತ ಆಸ್ತಿಯನ್ನು ಮಾರುವುದು ನಿಮ್ಮ ಹಕ್ಕು, ನಾನು ತಡೆಯುವುದಿಲ್ಲ. ಸೂರಃ ಅನ್ನಿಸಾದ 29ನೇ ಆಯತ್ ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಅನುಮತಿಸಿದೆ. ಆದರೆ ನಿಮ್ಮ ಕಟ್ಟಡದ ಕೆಳಗೆ ಮೂವತ್ತು ವರ್ಷದಿಂದ ಬಾಡಿಗೆ ಕಟ್ಟುತ್ತಿರುವ ಟೈಲರ್ ಇದ್ದಾನೆ. ನಿಮ್ಮ ಒಪ್ಪಿಗೆಯನ್ನು ತೋರಿಸಿ ಇಡೀ ಮಾರ್ಕೆಟ್ ಒಪ್ಪಿದೆ ಎಂದು ಹೇಳಲು ಬಿಡಬೇಡಿ. ನಿಮ್ಮ ಬಾಡಿಗೆದಾರನಿಗೆ ಗೊತ್ತಾಗದಂತೆ ರಾತ್ರಿ ಕರಾರು ಮಾಡಿ, ಬೆಳಿಗ್ಗೆ ಅವನ ಪಕ್ಕದಲ್ಲಿ ನಮಾಝಿಗೆ ನಿಲ್ಲಬೇಡಿ. ಅನ್ಯಾಯವಾಗಿ ಒಂದು ಗೇಣು ನೆಲ ಕಸಿದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಗಳನ್ನು ಹಾರವಾಗಿ ಹಾಕಲಾಗುವುದು ಎಂಬ ಎಚ್ಚರಿಕೆಯನ್ನು ಸಈದ್ ಬಿನ್ ಝೈದ್(ರ) ಉಲ್ಲೇಖಿಸಿದ್ದಾರೆ. ಅದು ಬಿಲ್ಡರ್‌ಗೆ ಮಾತ್ರ ಹೇಳಿದ್ದಲ್ಲ.

ಎರಡನೇ ಖುತ್ಬಾ

ಸಹೋದರರೇ, ಅಕ್ರಮಿಯಾದರೂ ಅಕ್ರಮಕ್ಕೊಳಗಾದವನಾದರೂ ನಿನ್ನ ಸಹೋದರನಿಗೆ ನೆರವಾಗು ಎಂದು ಪ್ರವಾದಿ(ಸ)ರು ಕಲಿಸಿದರು. ಅಕ್ರಮಿಗೆ ನೆರವಾಗುವುದೆಂದರೆ ಅವನ ಕೈ ಹಿಡಿದು ತಡೆಯುವುದು ಎಂದೂ ವಿವರಿಸಿದರು. ಆದ್ದರಿಂದ ನಮ್ಮ ವಿರೋಧದಲ್ಲಿ ದ್ವೇಷ ಇರಬಾರದು. ಕೆಲಸ ಇರಬೇಕು. ನಾನು ವಕೀಲ ಅಲ್ಲ. ಆದರೆ ಪ್ರತಿಯೊಬ್ಬ ನಾಗರಿಕನಿಗೆ ಗೊತ್ತಿರಬೇಕಾದ ಕೆಲವು ವಿಷಯ ಹೇಳುತ್ತೇನೆ.

ಮೊದಲು, ಕಾಗದ ನೋಡಿ. ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ಠರಾವು, ಯೋಜನಾ ವರದಿ, ಗುತ್ತಿಗೆ ಕರಡು, ತೆರಿಗೆ ರಿಯಾಯಿತಿಯ ವಿವರ ಎಲ್ಲವನ್ನೂ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ಬಾಯಿಮಾತಿನ ಸುದ್ದಿಗೆ ಹೆದರುವುದೂ ಬೇಡ, ಬಾಯಿಮಾತಿನ ಭರವಸೆಯನ್ನು ನಂಬುವುದೂ ಬೇಡ.

ಎರಡನೆಯದು, ಖಾಸಗಿ ಮನೆ, ಜಾಗಗಳನ್ನು ವಶಪಡಿಸಿಕೊಳ್ಳುವುದಾದರೆ 2013ರ ಭೂಸ್ವಾಧೀನ ಕಾಯ್ದೆ ಇದೆ. ಸಹಭಾಗಿತ್ವದ ಯೋಜನೆಗೆ ಶೇ. 70, ಖಾಸಗಿ ಕಂಪೆನಿಗಾಗಿ ಶೇ. 80 ಬಾಧಿತ ಭೂಮಾಲೀಕರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಎಲ್ಲ ಅದರಲ್ಲಿದೆ. ಪ್ರಾಥಮಿಕ ಅಧಿಸೂಚನೆಯ ಬಳಿಕ ಆಕ್ಷೇಪಣೆ ಸಲ್ಲಿಸಲು 60 ದಿನ ಅವಕಾಶ ಇದೆ. ಆ ದಿನಗಳನ್ನು ಕಳೆದುಕೊಳ್ಳಬೇಡಿ. ನಗರದಲ್ಲಿ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಲ್ಲೇ ವಾಸವಿರುವ ಕುಟುಂಬವನ್ನೂ ಕಾಯ್ದೆ ಬಾಧಿತರ ಪಟ್ಟಿಗೆ ಸೇರಿಸುತ್ತದೆ. ಆದ್ದರಿಂದ ಬಾಡಿಗೆ ಚೀಟಿ, ಕರೆಂಟ್ ಬಿಲ್, ರೇಷನ್ ಕಾರ್ಡ್ ಜೋಪಾನ ಮಾಡಿ. 2019ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಕೆಲವು ಬಗೆಯ ಯೋಜನೆಗಳಿಗೆ ವಿನಾಯಿತಿ ಕೊಟ್ಟಿದೆ. ನಮ್ಮ ಯೋಜನೆಯನ್ನು ಯಾವ ಕಲಮಿನಡಿ ತರುತ್ತಿದ್ದಾರೆ ಎಂದು ಬರವಣಿಗೆಯಲ್ಲೇ ಕೇಳಬೇಕು. ಮಾರ್ಕೆಟ್‌ನ ಸ್ವಂತ ಮಳಿಗೆಗಳ ವಿಷಯ ಬೇರೆ. ಅಲ್ಲಿ ನಿಮ್ಮ ಬಾಡಿಗೆ ಕರಾರು ಮುಖ್ಯ. ವಕೀಲರಿಗೆ ತೋರಿಸಿ. ಬಾಡಿಗೆ ಬಾಕಿ ಇದ್ದರೆ ಮೊದಲು ಕಟ್ಟಿ, ರಶೀದಿ ಪಡೆಯಿರಿ.

ಮೂರನೆಯದು, ಬೀದಿ ಬದಿ ವ್ಯಾಪಾರಿಗಳಿಗೆ 2014ರ ಪ್ರತ್ಯೇಕ ಕಾಯ್ದೆ ಇದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ಮೊದಲು ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವ ಮುನ್ನ 30 ದಿನಗಳ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1985ರಲ್ಲಿ ಮುಂಬೈಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಹೇಳಿದೆ. ಕಾನೂನಿನ ಕ್ರಮ ಪಾಲಿಸಿ ತೆರವು ಮಾಡಬಹುದು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಸುಮ್ಮನೆ ಕುಳಿತರೆ ಹಕ್ಕು ತಾನಾಗಿ ಬಂದು ಕಾಪಾಡುವುದಿಲ್ಲ.

ನಾಲ್ಕನೆಯದು, ಬೇಡ ಎಂದರೆ ಮಾತ್ರ ಸಾಲದು, ಏನು ಬೇಕೆಂದೂ ಹೇಳಬೇಕು. ಮಾರ್ಕೆಟ್ ಈಗ ಇರುವ ಹಾಗೇ ಇರಲಿ ಎಂದು ನಾನು ಹೇಳುವುದಿಲ್ಲ. ಚರಂಡಿ ನಾರುತ್ತದೆ, ಹೆಂಗಸರಿಗೆ ಸರಿಯಾದ ಶೌಚಾಲಯ ಇಲ್ಲ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲು ದಾರಿ ಇಲ್ಲ. ಅದೇ ಜಾಗದಲ್ಲಿ, ಹಂತ ಹಂತವಾಗಿ, ವ್ಯಾಪಾರ ನಿಲ್ಲದ ಹಾಗೆ ದುರಸ್ತಿ ಮಾಡಿ ಎಂದು ಒಂದು ಯೋಜನೆಯನ್ನೇ ಮುಂದಿಡಿ. ನಮ್ಮ ಇಂಜಿನಿಯರ್ ಯುವಕರು ನಕ್ಷೆ ಮಾಡಿಕೊಡಲಿ. ಅಂಗಡಿ ಮುಂದೆ ದಾರಿಗೆ ಚಾಚಿದ ಹಲಗೆಗಳನ್ನು ನೀವೇ ಹಿಂದೆ ಸರಿಸಿ. ದಾರಿಯಿಂದ ತೊಂದರೆ ನಿವಾರಿಸುವುದು ಈಮಾನಿನ ಒಂದು ಶಾಖೆ ಎಂದು ಕಲಿತವರು ನಾವು. ತೂಕದಲ್ಲಿ ಮೋಸ ಮಾಡುವವರು ನ್ಯಾಯ ಕೇಳಿದರೆ ಅದರಲ್ಲಿ ಬರಕತ್ ಇರುವುದಿಲ್ಲ.

ಐದನೆಯದು, ಒಬ್ಬರೇ ಹೋಗಬೇಡಿ, ನಮ್ಮವರು ಮಾತ್ರವೂ ಹೋಗಬೇಡಿ. ಎಲ್ಲ ವ್ಯಾಪಾರಿಗಳು, ಗಲ್ಲಿಯ ನಿವಾಸಿಗಳು ಸೇರಿ ಒಂದೇ ಮನವಿ ಕೊಡಿ. ಮಾತಾಡುವವರಲ್ಲಿ ಹೆಂಗಸರೂ ಇರಲಿ, ಆ ಮಾರ್ಕೆಟ್‌ನ ಅರ್ಧ ವ್ಯಾಪಾರ ಅವರದ್ದೇ. ಇದಕ್ಕೆ ಧರ್ಮದ ಬಣ್ಣ ಹಚ್ಚುವ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ, ಯಾವ ಕಡೆಯಿಂದ ಬಂದರೂ, ಮುಂದಕ್ಕೆ ಕಳುಹಿಸಬೇಡಿ. ಒಂದು ಕಲ್ಲು ಬಿದ್ದರೆ ಸಾವಿರ ಸಹಿಗಳ ಬಲ ಹೋಗುತ್ತದೆ.

ಯೋಜನೆಗೆ ಸಹಿ ಹಾಕಬೇಕಾದ ಅಧಿಕಾರಿಗಳಿಗೂ ಚುನಾಯಿತರಿಗೂ ಗೌರವದಿಂದ ಒಂದು ಮಾತು. ಪ್ರವಾದಿ(ಸ)ರು ಮುಆದ್(ರ)ರನ್ನು ಯಮನ್‌ಗೆ ಆಡಳಿತದ ಹೊಣೆ ಕೊಟ್ಟು ಕಳುಹಿಸುವಾಗ, ಮರ್ದಿತನ ಪ್ರಾರ್ಥನೆಯನ್ನು ಭಯಪಡಬೇಕು, ಅದಕ್ಕೂ ಅಲ್ಲಾಹನಿಗೂ ನಡುವೆ ತೆರೆ ಇಲ್ಲ ಎಂದು ಎಚ್ಚರಿಸಿದ್ದರು. ಆ ಮರ್ದಿತನು ಯಾವ ಧರ್ಮದವನಿರಬೇಕು ಎಂದು ಅಲ್ಲಿ ಷರತ್ತು ಹಾಕಿಲ್ಲ.

ಯಾ ಅಲ್ಲಾಹ್, ಹಲಾಲಾಗಿ ದುಡಿಯುವವರ ಜೀವನೋಪಾಯವನ್ನು ಕಾಪಾಡು. ಮನೆ ಕಳೆದುಕೊಂಡವರಿಗೆ ನೆರಳು ಕೊಡು. ನಮ್ಮಲ್ಲಿ ಉಳ್ಳವರ ಮನಸ್ಸಿನಿಂದ ದುರಾಸೆಯನ್ನು ತೆಗೆ, ಇಲ್ಲದವರ ಮನಸ್ಸಿನಿಂದ ಭಯವನ್ನು ತೆಗೆ. ಆಳುವವರಿಗೆ ನ್ಯಾಯದ ಬುದ್ಧಿ ಕೊಡು. ಅನ್ಯಾಯ ಮಾಡುವವರ ಸಾಲಿಗೂ, ಅನ್ಯಾಯ ನೋಡಿ ಸುಮ್ಮನಿರುವವರ ಸಾಲಿಗೂ ನಮ್ಮನ್ನು ಸೇರಿಸಬೇಡ. ಆಮೀನ್.